ಕಿವಿಮಣಿ ಹಾಕದ ಅಜ್ಜಿ

"ಸಾಮಾನು ಕಟ್ಟಿಕೊಂಡು ಈಗಿಂದೀಗ ಹೊರಗ ನಡಿ!" ಮನೆ ಒಡತಿ ನೀಲಗಂಗಾ, ಬಾಡಿಗೆಗಿದ್ದ ಗುರುಸಿದ್ಧವ್ವನ ಮೇಲೆ ಹರಿಹಾಯ್ದಳು.

ಗದಗಿನ ಆ ಓಣಿಯಲ್ಲಿ ಎಲ್ಲರ ಕಿವಿಯಲ್ಲೂ ಕೇಳಿದ್ದಕ್ಕೆ ಉತ್ತರ ಹೇಳುವ ಮಣಿ ಇತ್ತು. ಏನು ಬೇಕಾದರೂ ಅದೇ ಹೇಳುತ್ತಿದ್ದರಿಂದ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಯಾವುದನ್ನೂ ನೆನಪಿಟ್ಟುಕೊಳ್ಳುತ್ತಲೂ ಇರಲಿಲ್ಲ. ಎಪ್ಪತ್ತು ದಾಟಿದ ಗುರುಸಿದ್ಧವ್ವ ಮಾತ್ರ ಮಣಿ ಹಾಕಿಕೊಂಡಿರಲಿಲ್ಲ. ಇರುವೆಗಳು ಸಾಲಾಗಿ ಯಾಕೆ ಹೋಗುತ್ತವೆಂದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಈಚೆಗೆ ನೀಲಗಂಗಾಳ ಮಗಳು, ಕಾಲೇಜಿಗೆ ಹೋಗುವವಳು, ತನ್ನ ಮಣಿ ತೆಗೆದಿಟ್ಟು ಅವಳ ಪಕ್ಕ ಕೂರತೊಡಗಿದ್ದಳು.

"ನನ್ನ ಮಗಳ ತಲಿ ಕೆಡಿಸೀದಿ ನೀ," ಎಂದ ನೀಲಗಂಗಾ ಮಗಳನ್ನು ಕೂಗಲು ಬಾಯಿ ತೆರೆದವಳು ತಡವರಿಸಿ ಕಿವಿ ಮುಟ್ಟಿಕೊಂಡಳು. "ನನ್ನ ಮಗಳ ಹೆಸರೇನು?" ಮಣಿ ಹೇಳಿತು. "ವೈಜಯಂತೀ, ಬಾ ಇಲ್ಲೆ!"

ವೈಜಯಂತಿ ಬಂದಳು. "ಯವ್ವಾ, ಅಜ್ಜಿನ್ನ ಯಾಕ ಹೊರಗ ಹಾಕ್ತಿ? ಆಕಿ ನಿನಗೇನು ಮಾಡ್ಯಾಳ?"

ನೀಲಗಂಗಾ ಮತ್ತೆ ಕಿವಿ ಮುಟ್ಟಿಕೊಂಡಳು. ಮಣಿಗೆ ಅದು ಗೊತ್ತಿರಲಿಲ್ಲ. ತಾನೇ ಯೋಚಿಸಿ ನೋಡಿದಳು, ಏನೂ ಹೊಳೆಯಲಿಲ್ಲ. ಸಿಟ್ಟಿನಿಂದ ಮಗಳ ಕೆನ್ನೆಗೆ ಬಾರಿಸಿದಳು.

ಗುರುಸಿದ್ಧವ್ವ ತನ್ನ ಟ್ರಂಕಿನ ಒಂದು ಬದಿ ಎತ್ತಿದಳು. ವೈಜಯಂತಿ ಕೆನ್ನೆ ಸವರಿಕೊಳ್ಳುತ್ತ ಇನ್ನೊಂದು ಬದಿ ಹಿಡಿದಳು. ನೀಲಗಂಗಾಳ ಬೈಗುಳ ಓಣಿಯ ತಿರುವಿನವರೆಗೂ ಬೆನ್ನು ಹತ್ತಿತು.

"ಅಜ್ಜಿ, ಈಗ ಎಲ್ಲಿಗೆ ಹೋಗೂದು?"

"ನನಗೂ ಗೊತ್ತಿಲ್ಲವ್ವಾ. ನಡಿ, ಹುಡುಕೂಣು."