ಮೂರನೆಯ ಬ್ರೇಕು

ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಜಾರುವ ಟೈರನ್ನು ಇನ್ನು ಮಾರುವಂತಿಲ್ಲ ಎಂಬ ನಿಯಮ ಬಂದಿತ್ತು. ಕಾರ್ಖಾನೆಯ ಹೊಸ ಟೈರು ಪರೀಕ್ಷೆಯಲ್ಲಿ ಎರಡು ಸಲ ಜಾರಿತ್ತು. ಇವತ್ತೂ ಜಾರಿದರೆ ಕಾರ್ಖಾನೆಗೆ ಬೀಗ.

ನೀರು ಹಾಯಿಸಿದ ರಸ್ತೆಯಲ್ಲಿ ಕಾರು ವೇಗವಾಗಿ ಬಂತು. ಬ್ರೇಕ್ ಬಿದ್ದದ್ದೇ ಬುಗುರಿಯಂತೆ ತಿರುಗಿ, ಪರೀಕ್ಷಾಧಿಕಾರಿಯ ಕುರ್ಚಿಯನ್ನು ಪುಡಿಮಾಡಿ ನಿಂತಿತು. ಅಧಿಕಾರಿ ಮರದ ಹಿಂದಿನಿಂದಲೇ ಕೂಗಿದರು: "ಫೇಲ್!"

ಎಲ್ಲರೂ ಮಂಡಿಯೂರಿ ಟೈರನ್ನೇ ನೋಡಿದರು.

"ಸಾಧ್ಯಾನೇ ಇಲ್ಲ ಸಾರ್," ಎಂದಳು ಇಂಜಿನಿಯರ್. ಅಳುವುದೊಂದು ಬಾಕಿ. "ಲ್ಯಾಬಲ್ಲಿ ಅಂಟ್ಕೊಂಡ್ ನಿಲ್ಲತ್ತೆ. ರಬ್ಬರ್ ಬದಲಾಯಿಸಿದ್ವಿ, ಗೆರೆ ಆಳ ಮಾಡಿದ್ವಿ. ಇನ್ನೇನ್ ಮಾಡ್ಬೇಕಿತ್ತು ನಾವು?"

ರಸ್ತೆಗೆ ನೀರು ಹಾಯಿಸುವ ಹಿರಿಯ ಮೇಸ್ತ್ರಿ ಕೈಗಂಟಿದ ಕುಂಕುಮ ಒರೆಸಿಕೊಳ್ಳುತ್ತ ನಿಟ್ಟುಸಿರಿಟ್ಟ.

"ನಾನೂ ಏನೂ ಕಮ್ಮಿ ಮಾಡಿಲ್ಲ ಮೇಡಂ. ಮೊದಲ್ನೇ ಸಲ ದೃಷ್ಟಿ ತೆಗೆಯೋಕೆ ಅಂತ ಬ್ರೇಕ್ ಹಾಕೋ ಜಾಗದಲ್ಲೇ ಒಂದು ಬೂದುಗುಂಬಳಕಾಯಿ ಒಡ್ದೆ. ಎರಡ್ನೇ ಸಲ ಮೂರು. ಇವತ್ತು ಒಂಬತ್ತು ಒಡ್ದಿದೀನಿ. ಆದ್ರೂ ಜಾರ್ತು ಅಂದ್ರೆ, ಅದ್ಯಾವ ಪಾಪಿ ಕಣ್ಣು ಬಿದ್ದಿದ್ಯೋ!"