ಬಲಕ್ಕೆ ಬಿದ್ದ ಮಲ್ಲಿಗೆ

ನೀರಲ್ಲಿ ಅದ್ದಿ ಹಿತ್ತಾಳೆ ಗಣಪತಿಯ ಕಿರೀಟಕ್ಕೆ ಅಂಟಿಸಿದ್ದ ಮಲ್ಲಿಗೆ ದೇವರ ಬಲಗಡೆಗೆ ಬಿತ್ತು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಲೀಲಾಕ್ಷಿ ಗಲ್ಲ ಬಡಿದುಕೊಂಡಳು.

“ಖಲಾಸ್. ದೇವರು ಹೇಳಿ ಆಯ್ತು. ಫಾರ್ಮಿನಲ್ಲಿ ಕಾಮರ್ಸ್ ಅಂತ ಹಾಕು.”

ಮಗಳು ಮೋಕ್ಷಾ ಲ್ಯಾಪ್‌ಟಾಪಿನ ಮುಂದೆ ಮುಖ ಗಂಟು ಹಾಕಿ ಕೂತಿದ್ದಳು. ಹತ್ತನೇ ಕ್ಲಾಸು ಮುಗಿದಿತ್ತು. ಮುಂದೆ ಯಾವ ವಿಷಯ ಎಂದು ಮಧ್ಯಾಹ್ನ ಹನ್ನೆರಡರೊಳಗೆ ಶಾಲೆಗೆ ತಿಳಿಸಬೇಕು. ಅವಳಿಗೆ ಬಯಾಲಜಿಯೇ ಬೇಕು. ಡಾಕ್ಟರಾಗಲಿಕ್ಕೆ ಎಂದಿದ್ದರೆ ಲೀಲಾಕ್ಷಿ, ಕೊಲ್ಲಿ ನಾಡಿನ ಬಿನ್ ಮಹಮೂದ್ ಬಡಾವಣೆಯಲ್ಲಿ ತಾವಿದ್ದ ಬಿಲ್ಡಿಂಗಿಗೆಲ್ಲ ಪಾಯಸ ಹಂಚುತ್ತಿದ್ದಳು. ಆದರೆ ಹುಡುಗಿಯ ಕಣ್ಣಿದ್ದದ್ದು ಮನುಷ್ಯ ಮನುಷ್ಯನಾದದ್ದು ಹೇಗೆ ಎಂದು ಹಳೇ ಎಲುಬು ಅಗೆದು ನೋಡುವ ವಿದ್ಯೆಯ ಮೇಲೆ. ಹೆತ್ತು ಸಾಕಿದ ಮಗಳು ಆಫ್ರಿಕಾದ ಯಾವುದೋ ಹೊಂಡದಲ್ಲಿ ಕೂತು ಯಾರದೋ ದವಡೆ ಉಜ್ಜುವುದನ್ನು ನೆನೆದು ಲೀಲಾಕ್ಷಿಗೆ ಎರಡು ದಿನದಿಂದ ಅನ್ನ ಸೇರಿರಲಿಲ್ಲ. ಗಂಡ ಯಜ್ಞೇಶ್ “ನೀವೇ ನೋಡಿಕೊಳ್ಳಿ” ಎಂದು ವೆಸ್ಟ್ ಬೇಯ ಆಫೀಸಿಗೆ ಜಾರಿಕೊಂಡಿದ್ದ.

“ಇನ್ನೊಮ್ಮೆ ಕೇಳಮ್ಮ.”

“ದೇವರು ಎಂತ, ಮೀನು ಮಾರುವವರಾ ಚೌಕಾಸಿ ಮಾಡ್ಲಿಕ್ಕೆ? ಅವರು ಪರಿಪೂರ್ಣ. ಒಮ್ಮೆ ಹೇಳಿದ್ದನ್ನು ಬದಲಾಯಿಸುವುದಿಲ್ಲ.”

“ಹಾಗಾದ್ರೆ ಮನುಷ್ಯನನ್ನು ಒಂದೇ ಸಲಕ್ಕೆ ಮಾಡ್ಬಹುದಿತ್ತಲ್ಲ? ಮೊದಲು ಬಾಲ ಕೊಟ್ರು, ಮತ್ತೆ ಬೇಡ ಅಂತ ತೆಗೆದ್ರು. ಮೈತುಂಬ ರೋಮ ಕೊಟ್ರು, ಅದನ್ನೂ ತೆಗೆದ್ರು. ಲಕ್ಷಗಟ್ಟಲೆ ವರ್ಷ ಮನಸ್ಸು ಬದಲಾಯಿಸ್ತಾನೇ ಇದ್ರು.”

“ನಿನ್ನ ಅಜ್ಜನಿಗೆ ಬಾಲ ಇರ್ಲಿಲ್ಲ.”

“ಅದಿರ್ಲಿ. ಅಪ್ಪನ ವೀಸಾ ನಿಂತಾಗ ನೀನು ಗಣಹೋಮದ ಹರಕೆ ಹೇಳಿದ್ದು ಯಾಕೆ? ದೇವರ ಮನಸ್ಸು ಬದಲಾಗ್ಲಿ ಅಂತ ತಾನೇ? ಬದಲಾಗುವುದೇ ಇಲ್ಲ ಅಂದ್ರೆ ಅಷ್ಟೂ ತುಪ್ಪ ವೇಸ್ಟ್.”

ತುಪ್ಪದ ಮಾತು ಲೀಲಾಕ್ಷಿಗೆ ಸರಿಯಾಗಿಯೇ ನಾಟಿತು. ಮೋಕ್ಷಾ ಗಣಪತಿಯತ್ತ ಕೈ ತೋರಿಸಿದಳು. “ಇವರ ತಲೆಯೇ ಬದಲಾಗಿದೆ ಅಮ್ಮ. ಮನಸ್ಸು ಬದಲಾಗ್ಬಾರ್ದಾ?”

ನುಗ್ಗಿ ಬಂದ ನಗುವನ್ನು ಲೀಲಾಕ್ಷಿ “ತಪ್ಪಾಯ್ತು ಸ್ವಾಮಿ” ಎಂದು ನುಂಗಿಕೊಂಡಳು. ಇನ್ನೊಂದು ಹೂವು ಅದ್ದಿ ಅಂಟಿಸಿ, “ಬಯಾಲಜಿಯಾ?” ಎಂದು ಕೇಳಿದಳು. ಎರಡು ನಿಮಿಷದಲ್ಲಿ ಹೂವು ಬಲಕ್ಕೆ ಬಿತ್ತು. ಗಾಬರಿಯಾಗಿ, “ಕಾಮರ್ಸಾ?” ಎಂದಳು. ಅದೂ ಬಲಕ್ಕೆ. ಮೋಕ್ಷಾ ತಾನೇ ಒಂದು ಹೂವು ಅಂಟಿಸಿ, “ನಾನು ಒಂಟೆ ಮೇಯಿಸ್ಲಾ?” ಎಂದಳು. ದೇವರು ಅದಕ್ಕೂ ಒಪ್ಪಿದರು.

ಹುಡುಗಿ ತಲೆಯೆತ್ತಿ ನೋಡಿದಳು. ಗೋಡೆಯ ಏಸಿ ಗಣಪತಿಯ ಎಡಗಿವಿಗೆ ನೇರವಾಗಿ ಗಾಳಿ ಬಿಡುತ್ತಿತ್ತು. ಅವಳು ನೆಲದ ಮೇಲೆ ಉರುಳಾಡಿ ನಕ್ಕಳು.

ಲೀಲಾಕ್ಷಿ ನಗಲಿಲ್ಲ. ಈ ಫ್ಲಾಟಿಗೆ ಬಂದು ಹನ್ನೊಂದು ವರ್ಷ. ಕಾರು ತೆಗೆದುಕೊಂಡದ್ದು, ಊರಲ್ಲಿ ಜಾಗ ಮಾಡಿದ್ದು, ಕೊನೆಗೆ ಆ ಹಳದಿ ಸೋಫಾ ಕೂಡ ಈ ಗಣಪತಿಯನ್ನು ಕೇಳಿಯೇ. ಒಮ್ಮೆಯೂ ಬೇಡ ಎಂದವರಲ್ಲ. ನಮ್ಮ ಮನೆಯ ದೇವರಷ್ಟು ಒಳ್ಳೆಯ ದೇವರು ಇಲ್ಲ ಎಂದು ಅವಳು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳಿಕೊಂಡಿದ್ದಳು. ಈಗ ಕಣ್ಣು ತುಂಬಿ ಬಂತು.

“ಇಷ್ಟು ವರ್ಷ ನಾನು ಏಸಿ ಹತ್ರ ಮಾತಾಡಿದ್ದಾ ಮಗಾ?”

ಮೋಕ್ಷಾಳ ನಗು ಅಲ್ಲೇ ನಿಂತಿತು. “ಛೆ, ಹಾಗಲ್ಲಮ್ಮ. ಮೊದಲು ಬಿದ್ದ ಹೂವೇ ದೇವರದ್ದು. ಕಾಮರ್ಸೇ ಹಾಕ್ತೇನೆ, ಬಿಡು,” ಎಂದವಳು ಮುಖ ತೊಳೆಯುವ ನೆಪ ಹೇಳಿ ಬಾತ್‌ರೂಮಿಗೆ ಹೋದಳು. ನಲ್ಲಿಯ ನೀರು ಹರಿಯುತ್ತಲೇ ಇತ್ತು. ಅಳು ಕೇಳಿಸದಿರಲೆಂದು ನಲ್ಲಿ ಬಿಡುವುದು ಅವಳ ಚಿಕ್ಕಂದಿನ ಅಭ್ಯಾಸ.

ಗೆದ್ದವಳು ತಾನೇ ಆದರೂ ಲೀಲಾಕ್ಷಿ ಲ್ಯಾಪ್‌ಟಾಪಿನತ್ತ ಹೋಗಲಿಲ್ಲ. ರಿಮೋಟು ಎತ್ತಿಕೊಂಡು ಏಸಿ ಆರಿಸಿದಳು. ಹೊಸ ಹೂವು ಅದ್ದಿ ಕಿರೀಟಕ್ಕೆ ಅಂಟಿಸಿ, “ಬಯಾಲಜಿ,” ಎಂದು ಪಿಸುಗುಟ್ಟಿದಳು. ಹೂವು ಅಲ್ಲಾಡಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಕೋಣೆ ಕಾದು ಅವಳ ಬೆನ್ನಿನಲ್ಲಿ ಬೆವರು ಇಳಿಯಿತು. ಗಡಿಯಾರದಲ್ಲಿ ಹನ್ನೆರಡಕ್ಕೆ ಏಳು ನಿಮಿಷ ಬಾಕಿ. ಒಳಗೆ ನಲ್ಲಿ ನಿಂತಿತು.

ಲೀಲಾಕ್ಷಿ ಬಾತ್‌ರೂಮಿನ ಬಾಗಿಲಿನತ್ತ ಒಮ್ಮೆ ನೋಡಿದಳು. ಆಮೇಲೆ ಗಣಪತಿಯ ಎಡಗಡೆಗೆ ಬಗ್ಗಿ, ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ ಜೋರಾಗಿ ಊದಿದಳು.

“ಮೋಕ್ಷಾ, ಬೇಗ ಬಾ! ಏಸಿ ಆಫ್ ಉಂಟು, ನೀನೇ ನೋಡು. ದೇವರ ಮನಸ್ಸು ಬದಲಾಯ್ತು ಮಾರಾಯ್ತಿ!”