ಬಂದೆ, ಎರಡೇ ನಿಮಿಷ

ದೀಪೇಶ್ ಕೋಡಿನ ಆ ಒಂದು ಸಾಲನ್ನು ಅಳಿಸಿ ಹತ್ತು ನಿಮಿಷವೂ ಆಗಿರಲಿಲ್ಲ, ಫೋನ್ ಬಂತು. ಗೆಳೆಯ ಮುಖೇಶನ ತಾಯಿ ಕುಶಲಾ, ಕುಲಶೇಖರದ ಮನೆಯಿಂದ. "ದೀಪು, ಬಟನ್ ಒತ್ತಿದರೆ ಅವ ಈಗ ಮಾತಾಡುವುದೇ ಇಲ್ಲ. ಎಂತ ಮಾಡಿದೆ ನೀನು?"

ಆ ಬಟನ್ ಇದ್ದದ್ದು ಬಂದರಿನ ಬೋಟಿನವರು ಮೀನು ಕೆಡದಂತೆ ಇಡಲು ಐಸ್ ಬುಕ್ ಮಾಡುವ ವೆಬ್‌ಸೈಟಿನಲ್ಲಿ. ಮೊಬೈಲಿನಲ್ಲಿ 'ಐಸ್ ಉಂಟಾ?' ಬಟನ್ ಒತ್ತಿದರೆ ಪ್ರಶ್ನೆ ಕೊಡಿಯಾಲ್‌ಬೈಲಿನಲ್ಲಿ ಅವರಿಬ್ಬರೂ ಕೆಲಸ ಮಾಡುತ್ತಿದ್ದ ಆಫೀಸಿನ ಸರ್ವರಿಗೆ ಬರುತ್ತಿತ್ತು. ಅಲ್ಲಿ ಮುಖೇಶ್ ಬರೆದಿಟ್ಟ ಕೋಡ್ ಮೊದಲು 'ಬಂದೆ, ಎರಡೇ ನಿಮಿಷ' ಎಂದು ಕಳಿಸಿ, ಆಮೇಲೆ ಐಸ್ ಎಷ್ಟಿದೆಯೆಂದು ತಿಳಿಸುತ್ತಿತ್ತು. "ಕಾಯುವವರಿಗೆ ಒಂದು ಮಾತಾದರೂ ಸಿಗಬೇಕು ಮಾರಾಯ," ಎಂದಿದ್ದ. ಊಟಕ್ಕೆ ಕರೆದಾಗಲೆಲ್ಲ ತಾಯಿಗೆ ಅವನು ಕೊಡುತ್ತಿದ್ದ ಉತ್ತರವೇ ಅದು. ಅವನು ತೀರಿಕೊಂಡು ಮೂರು ತಿಂಗಳು. ಸತ್ತವನ ಮಾತು ಇನ್ನೂ ಊರೆಲ್ಲ ಓಡಾಡುವುದು ಬೇಡವೆಂದು ದೀಪೇಶನೇ ಇವತ್ತು ಆ ಸಾಲನ್ನು ಕಿತ್ತಿದ್ದ.

ಸರ್ವರಿಗೆ ಬಂದ ಪ್ರಶ್ನೆಗಳ ಪಟ್ಟಿ ತೆರೆದು ನೋಡಿದ. ಮೂರು ತಿಂಗಳಿಂದ, ದಿನವೂ ಮಧ್ಯಾಹ್ನ ಒಂದೂವರೆಗೆ, ಕುಶಲಾ ಅವರ ಮೊಬೈಲಿನಿಂದ ಒಂದು ಪ್ರಶ್ನೆ. ಐಸ್ ಒಮ್ಮೆಯೂ ಬುಕ್ ಆಗಿರಲಿಲ್ಲ.

"ಸರಿ ಮಾಡ್ತೇನೆ ಆಂಟಿ," ಎಂದು ಸಾಲನ್ನು ಇದ್ದಲ್ಲೇ ಹಾಕಿದ. "ಫೋನ್ ಇಡದೆ ಒಮ್ಮೆ ಒತ್ತಿ ನೋಡಿ."

ಕಂಪ್ಯೂಟರಿನಲ್ಲಿ ಆ ಪ್ರಶ್ನೆ ಬಂದದ್ದು ಕಂಡಿತು, ಉತ್ತರ ಹೋದದ್ದೂ ಕಂಡಿತು. ಫೋನಿನಲ್ಲಿ ಊಟದ ಬಟ್ಟಲು ಇಟ್ಟ ಸದ್ದಾಯಿತು. ಆಮೇಲೆ ಕುಶಲಾ ಮಾತಾಡಿದ್ದು ದೀಪೇಶನೊಂದಿಗಲ್ಲ.

"ಗಡಿಬಿಡಿ ಎಂತ ಇಲ್ಲ ಮಗ, ನಿಧಾನ ಬಾ. ಬಡಿಸಿಟ್ಟಿದ್ದೇನೆ."